ಎಂಟು ತಿಂಗಳು ಸಾಲದು, ಮೇಷ್ಟ್ರೇ

ಹಾವೇರಿ ಜಿಲ್ಲೆಯ ಒಬ್ಬ ನಿವೃತ್ತ ಗಣಿತ ಮೇಷ್ಟ್ರು ನಮಗೆ ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ. ಹೋದ ಜೂನ್‌ನಿಂದ ಪ್ರತಿ ಭಾನುವಾರ ಪಕ್ಕದ ಊರಿಗೆ ಹೋಗಿ, ಮೊದಲ ಪಿಯುಸಿ ಓದುವ ಒಬ್ಬ ಹುಡುಗಿಗೆ ಎರಡು ತಾಸು ಪಾಠ ಹೇಳುತ್ತಾರೆ. ಅವಳಿಗೆ ಅಪ್ಪ ಇಲ್ಲ, ಅವ್ವ ಕೂಲಿಗೆ ಹೋಗುತ್ತಾರೆ. ಪಾಠಕ್ಕಿಂತ ಜಾಸ್ತಿ ಅವಳಿಗೆ ಧೈರ್ಯ ಬರಲಿ ಅನ್ನೋದು ಮೇಷ್ಟ್ರ ಆಸೆ. ‘ಎಂಟು ತಿಂಗಳಾಯಿತು. ಮೊನ್ನೆ ಕಾಲೇಜಿನಲ್ಲಿ ನಾಲ್ಕು ಮಾತು ಹೇಳು ಅಂದರೆ ವೇದಿಕೆ ಮೇಲೆ ಅತ್ತುಬಿಟ್ಟಳಂತೆ. ಇದು ನನ್ನ ಕೈಲಿ ಆಗುವ ಕೆಲಸವಲ್ಲ. ಮಾರ್ಚ್‌ಗೆ ನಿಲ್ಲಿಸಿಬಿಡಲೇ?’ ಎಂದು ಕೇಳಿದ್ದಾರೆ.

ನಿಲ್ಲಿಸಬೇಡಿ ಮೇಷ್ಟ್ರೇ. ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮೂರನೇ ಪುಟದ ಕೊನೆಯಲ್ಲಿ ನೀವು ಸ್ವಲ್ಪ ಬೇಸರದಿಂದಲೇ ಒಂದು ಮಾತು ಬರೆದಿದ್ದೀರಿ: ‘ಎದುರು ಮಾತಾಡೋದು ಮಾತ್ರ ಕಲಿತಿದ್ದಾಳೆ. ಹೋದ ವಾರ ತ್ರಿಕೋನಮಿತಿ ಲೆಕ್ಕ ಮಾಡುವಾಗ, ಸರ್ ಎರಡನೇ ಸಾಲಿನಲ್ಲಿ ಮೈನಸ್ ಬಿಟ್ಟಿದ್ದೀರಿ ಅಂದಳು.’ ಮೊದಲ ಪುಟದಲ್ಲಿ ನೀವೇ ಬರೆದಿದ್ದೀರಿ, ಜೂನ್‌ನಲ್ಲಿ ಅವಳು ಅರ್ಥವಾಯಿತೇ ಅಂದರೆ ಬರೀ ತಲೆ ಆಡಿಸುತ್ತಿದ್ದಳು ಅಂತ. ಅರ್ಥವಾಗದಿದ್ದರೂ ಆಡಿಸುತ್ತಿದ್ದಳು. ಅಂಥ ಹುಡುಗಿ ಇವತ್ತು ಮೂವತ್ತು ವರ್ಷ ಗಣಿತ ಕಲಿಸಿದವರ ತಪ್ಪು ಹಿಡಿದಿದ್ದಾಳೆ, ಅದನ್ನು ಬಾಯಿಬಿಟ್ಟು ಹೇಳಿದ್ದಾಳೆ. ನೀವು ಕಾಯುತ್ತಿರುವ ಧೈರ್ಯ ಅದೇ ಅಲ್ವಾ? ಅದು ವೇದಿಕೆ ಮೇಲೆ ಬರುತ್ತದೆ ಅಂದುಕೊಂಡು ನೀವು ಆ ಕಡೆ ನೋಡುತ್ತಿದ್ದಿರಿ. ಅದು ನಿಮ್ಮ ಪಕ್ಕದ ಚಾಪೆಯ ಮೇಲೆ ಬಂದು ಕೂತಿದೆ.

ಒಂದು ವಿಷಯ ಹೇಳಬೇಕು. ನನಗೆ ಹದಿನಾರು ವರ್ಷವಿದ್ದಾಗ ನಮ್ಮೂರಿನ ಗ್ರಂಥಾಲಯದ ಕಟ್ಟೆಯ ಮೇಲೆ ಒಬ್ಬರು ಭಾನುವಾರ ಇಂಗ್ಲಿಷ್ ಹೇಳಿಕೊಡುತ್ತಿದ್ದರು. ಹೊರಗಿನಿಂದ ಬಂದ ಸರ್ಕಾರಿ ನೌಕರರು. ತುಂಬಾ ಒಳ್ಳೆಯವರು. ಎರಡು ತಿಂಗಳು ಬಂದರು. ಆಮೇಲೆ ಒಂದು ಭಾನುವಾರ ಬರಲಿಲ್ಲ. ಮುಂದಿನ ವಾರವೂ ಇಲ್ಲ. ನಾನು ಇನ್ನೂ ಎರಡು ಭಾನುವಾರ ಆ ಕಟ್ಟೆಯ ಮೇಲೆ ನೋಟ್‌ಬುಕ್ ಹಿಡಿದು ಕೂತಿದ್ದೆ. ಅವರಿಗೆ ವರ್ಗ ಆಗಿತ್ತು ಅಂತ ಗೊತ್ತಾಗಿದ್ದು ವರ್ಷದ ಮೇಲೆ. ಅಷ್ಟು ದಿನವೂ ನಾನು ಅಂದುಕೊಂಡಿದ್ದು ಒಂದೇ: ನಾನು ದಡ್ಡ, ಅದಕ್ಕೇ ಬಿಟ್ಟು ಹೋದರು. ಅವರು ಬರುವ ಮುಂಚೆ ನನಗೆ ಇಂಗ್ಲಿಷ್ ಬರುತ್ತಿರಲಿಲ್ಲ, ಅಷ್ಟೇ. ಹೋದ ಮೇಲೆ, ನನಗೆ ಯಾವತ್ತೂ ಬರುವುದಿಲ್ಲ ಅನ್ನೋದು ಖಾತ್ರಿಯಾಗಿತ್ತು.

ಇದು ನನ್ನೊಬ್ಬನ ಕಥೆಯಲ್ಲ. ಅಮೆರಿಕದಲ್ಲಿ ‘ಬಿಗ್ ಬ್ರದರ್ಸ್ ಬಿಗ್ ಸಿಸ್ಟರ್ಸ್’ ಎಂಬ ಸಂಸ್ಥೆ ಇದೆ. 1904ರಲ್ಲಿ ನ್ಯೂಯಾರ್ಕ್‌ನಲ್ಲಿ ಶುರುವಾದ ಕೆಲಸ ಅದರ ಬೇರು. ಒಬ್ಬ ಮಗುವಿಗೆ ಒಬ್ಬ ದೊಡ್ಡವರನ್ನು ಜೊತೆ ಮಾಡುತ್ತಾರೆ, ನೀವು ಮಾಡುತ್ತಿರುವ ಹಾಗೇ. ಅಲ್ಲಿನ ಸಾವಿರಕ್ಕೂ ಹೆಚ್ಚು ಮಕ್ಕಳ ಮಾಹಿತಿ ಇಟ್ಟುಕೊಂಡು ಜೀನ್ ಗ್ರಾಸ್‌ಮನ್ ಮತ್ತು ಜೀನ್ ರೋಡ್ಸ್ ಎಂಬ ಸಂಶೋಧಕಿಯರು 2002ರಲ್ಲಿ ಒಂದು ಲೇಖನ ಪ್ರಕಟಿಸಿದರು. ಒಂದು ವರ್ಷ ದಾಟಿದ ಜೋಡಿಗಳಲ್ಲಿ ಮಕ್ಕಳಿಗೆ ಎಲ್ಲರಿಗಿಂತ ಹೆಚ್ಚು ಅನುಕೂಲವಾಗಿತ್ತು. ಮೂರು ತಿಂಗಳೊಳಗೆ ಮುರಿದುಬಿದ್ದ ಕಡೆ ಮಕ್ಕಳಿಗೆ ತಮ್ಮ ಮೇಲೆ ಇದ್ದ ಗೌರವವೂ ಕುಸಿದಿತ್ತು. ಅದನ್ನು ಓದಿದಾಗ ನನಗೆ ಆ ಗ್ರಂಥಾಲಯದ ಕಟ್ಟೆ ನೆನಪಾಯಿತು. ನೀವು ಎಂಟು ತಿಂಗಳು ಗಟ್ಟಿಯಾಗಿ ನಿಂತಿದ್ದೀರಿ. ಇನ್ನು ನಾಲ್ಕು ತಿಂಗಳಿಗೆ ಆ ವರ್ಷ ತುಂಬುತ್ತದೆ. ಈಗ ಬಿಡುವುದೇ?

ನಿಮ್ಮ ಜಿಲ್ಲೆಯ ಹಾನಗಲ್ಲನ್ನು ಹೆಸರಿನಲ್ಲಿಟ್ಟುಕೊಂಡ ಗಂಗೂಬಾಯಿ ಹಾನಗಲ್ ಅವರನ್ನೇ ನೋಡಿ. 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ, ಗಾಂಧೀಜಿ ಇದ್ದ ಸಭೆಯಲ್ಲಿ ಸ್ವಾಗತ ಗೀತೆ ಹಾಡುವಾಗ ಅವರಿಗೆ ಹನ್ನೊಂದು ವರ್ಷ. ಜಾತಿ ನೋಡಿ ಎಲ್ಲಿ ಎಂಜಲೆಲೆ ಎತ್ತಲು ಹೇಳಿಬಿಡುತ್ತಾರೋ ಅಂತ ಆ ಮಗು ಹೆದರಿತ್ತು. ಆಮೇಲೆ ಹಾಡಿನಲ್ಲಿ ಹೆಸರಾಯಿತು, ಗ್ರಾಮಫೋನ್ ಪ್ಲೇಟು ಬಂತು. ಆದರೂ ಹುಬ್ಬಳ್ಳಿಯಿಂದ ರೈಲು ಹತ್ತಿ ಕುಂದಗೋಳಕ್ಕೆ ಹೋಗಿ ಸವಾಯಿ ಗಂಧರ್ವರ ಎದುರು ಕೂರುತ್ತಿದ್ದರು. ಗುರುಗಳು ಒಂದೇ ಸ್ವರದ ತುಣುಕನ್ನು ದಿನಗಟ್ಟಲೆ ಹಾಡಿಸುತ್ತಿದ್ದರು. ಆ ನಿಧಾನದಲ್ಲಿ ಒಂದು ನಂಬಿಕೆ ಇರುತ್ತದೆ. ನೀನು ನಾಳೆಯೂ ಬರುತ್ತೀಯ, ನಾನೂ ಇರುತ್ತೇನೆ, ಅವಸರವೇನು ಅನ್ನುವ ನಂಬಿಕೆ. ಮುಂದೆ ಆ ಗಂಡುದನಿಯಂಥ ಗಟ್ಟಿ ಕಂಠದಲ್ಲಿ ಎಷ್ಟು ಭರವಸೆ ಇತ್ತು ಅನ್ನೋದನ್ನು ಕೇಳಿದವರೆಲ್ಲ ಬಲ್ಲರು.

ಹರೆಯದ ಮಕ್ಕಳಿಗೆ ತಾವು ಬೆಳೆದಿದ್ದು ತಮಗೇ ಕಾಣುವುದಿಲ್ಲ. ಮೊನ್ನೆಯ ಸೋಲು ಮಾತ್ರ ಕಾಣುತ್ತದೆ. ವೇದಿಕೆ ಮೇಲೆ ಅತ್ತಿದ್ದು ಅವಳಿಗೆ ಜೀವನವಿಡೀ ನೆನಪಿರುತ್ತದೆ. ಜೂನ್‌ನಲ್ಲಿ ತಲೆ ಆಡಿಸುತ್ತಿದ್ದದ್ದು ಆಗಲೇ ಮರೆತಿರುತ್ತಾಳೆ. ಆ ಲೆಕ್ಕ ಇಟ್ಟುಕೊಳ್ಳಲು ಅವಳ ಜೊತೆ ಜೂನ್‌ನಿಂದ ಇದ್ದವರೇ ಬೇಕು. ಎಂಥ ದೊಡ್ಡ ಭಾಷಣಕಾರ ಒಂದು ದಿನ ಬಂದು ‘ನಿನ್ನಿಂದ ಆಗುತ್ತೆ’ ಅಂದರೂ ಅದು ಸುಮ್ನೆ ಹೊಗಳಿಕೆ. ನೀವು ಹೇಳಿದರೆ ಅದಕ್ಕೆ ಸಾಕ್ಷಿ ಇರುತ್ತದೆ. ಅವಳ ಹಳೇ ನೋಟ್‌ಬುಕ್ ಇಟ್ಟಿದ್ದರೆ ಒಂದು ದಿನ ತೆಗೆದು ತೋರಿಸಿ. ಜೂನ್‌ನ ಪುಟ, ಈಗಿನ ಪುಟ, ಪಕ್ಕಪಕ್ಕ.

ವೇದಿಕೆಯ ಚಿಂತೆ ಸದ್ಯ ಬಿಡಿ. ಮುಂದಿನ ವಾರ ಅದೇ ಮೈನಸ್ ಬಿಟ್ಟ ಲೆಕ್ಕವನ್ನು ಅವಳ ಅವ್ವನ ಎದುರು ಅವಳ ಕೈಲೇ ಬಿಡಿಸಿ ಹೇಳಿಸಿ. ಅವ್ವನಿಗೆ ಗಣಿತ ಗೊತ್ತಿಲ್ಲದಿದ್ದರೆ ಇನ್ನೂ ಒಳ್ಳೆಯದು, ವಿವರವಾಗಿ ಹೇಳಬೇಕಾಗುತ್ತದೆ. ಆಮೇಲೆ ಓಣಿಯ ಇಬ್ಬರು ಸಣ್ಣ ಮಕ್ಕಳನ್ನು ಕೂರಿಸಿ. ಮಧ್ಯೆ ತಡವರಿಸಿದರೆ ನೀವು ಬಾಯಿ ಹಾಕಬೇಡಿ. ಇದು ಮೇಷ್ಟ್ರುಗಳಿಗೆ ಕಷ್ಟ ಅಂತ ಗೊತ್ತು. ಆದರೂ ತಡೆದುಕೊಳ್ಳಿ.

ಮತ್ತೊಂದು. ಯಾವತ್ತಾದರೂ ಬರಲು ಆಗದಿದ್ದರೆ ಹಿಂದಿನ ದಿನವೇ ಫೋನ್ ಮಾಡಿ, ಕಾರಣ ಹೇಳಿ. ಪರೀಕ್ಷೆ ಮುಗಿದ ಮೇಲಿನ ಮೊದಲ ಭಾನುವಾರವೂ ನಾನು ಬರುತ್ತೇನೆ ಅಂತ ಅವಳಿಗೆ ಈಗಲೇ ಹೇಳಿಬಿಡಿ, ತಾರೀಖು ಸಮೇತ.