ಧಾರಾವಾಹಿ ನೋಡುವ ತಾಯಿಯವರನ್ನು ನಾಟಕಕ್ಕೆ ಕರೆದೊಯ್ಯಬಹುದೇ?

ಮೈಸೂರಿಗೆ ಹೊಸದಾಗಿ ಬಂದಿರುವ ನೀವು, ಸಂಜೆಯಿಡೀ ಧಾರಾವಾಹಿ ನೋಡುವ ನಿಮ್ಮ ತಾಯಿಯವರಿಗೆ ನಾಟಕ ಹಿಡಿಸೀತೇ, ಎಲ್ಲಿಂದ ಆರಂಭಿಸಬೇಕು ಎಂದು ಕೇಳಿದ್ದೀರಿ. ಖಂಡಿತ ಕರೆದೊಯ್ಯಿರಿ. ಮಂಡ್ಯ ಜಿಲ್ಲೆಯ ಹಳ್ಳಿಯಲ್ಲಿ ಬೆಳೆದ ನಾನು ಇಪ್ಪತ್ತು ವರ್ಷಗಳಿಂದ ಮೈಸೂರಿನಲ್ಲಿ ನಾಟಕ ನೋಡುತ್ತಿದ್ದೇನೆ. ಮನೆಯವರೊಂದಿಗೆ ಕುಳಿತು ಧಾರಾವಾಹಿಗಳನ್ನೂ ನೋಡಿದ್ದೇನೆ.

ಧಾರಾವಾಹಿಯ ಕಲಾವಿದರ ಬಗ್ಗೆ ನನಗೆ ಯಾವ ಆಕ್ಷೇಪವೂ ಇಲ್ಲ, ಏಕೆಂದರೆ ಅವರಲ್ಲಿ ಅನೇಕರು ರಂಗಭೂಮಿಯಲ್ಲಿಯೇ ಪಳಗಿದವರು. ನನ್ನ ಬೇಸರವಿರುವುದು ಕಥೆಯನ್ನು ಎಳೆಯುವ ರೀತಿಯ ಬಗ್ಗೆ. ವಾರವಾರವೂ ಬರುವ ಟಿಆರ್‌ಪಿ ಅಂಕಿಗಳನ್ನು ನೋಡಿ ಕಥೆ ದಿಕ್ಕು ಬದಲಿಸುತ್ತದೆ. ಒಬ್ಬಳು ಆಡಿದ ಒಂದು ಮಾತಿಗೆ ಮನೆಮಂದಿಯ ಮುಖಗಳನ್ನೆಲ್ಲ ಒಂದೊಂದಾಗಿ ತೋರಿಸುವಷ್ಟರಲ್ಲಿ ಆ ದಿನದ ಕಂತು ಮುಗಿದಿರುತ್ತದೆ. ‘ಮುಂದೇನು’ ಎಂಬ ಕುತೂಹಲವನ್ನೇ ನಂಬಿದ ಕಥೆಗೆ ಮುಗಿಯುವುದೇ ಕಷ್ಟ. ದೂರದರ್ಶನಕ್ಕಾಗಿ ಶಂಕರ್ ನಾಗ್ ಅವರು ಆಗುಂಬೆಯಲ್ಲಿ ಚಿತ್ರೀಕರಿಸಿದ ‘ಮಾಲ್ಗುಡಿ ಡೇಸ್’ ಇಂದಿಗೂ ಹಳತೆನಿಸದಿರುವುದಕ್ಕೆ, ಅದರ ಹೆಚ್ಚಿನ ಕಥೆಗಳು ಹೇಳಬೇಕಾದಷ್ಟನ್ನು ಹೇಳಿ ನಿಂತುಬಿಡುವುದೂ ಒಂದು ಕಾರಣವೆಂದು ನಾನು ಭಾವಿಸಿದ್ದೇನೆ.

ಇದಕ್ಕೆ ಎದುರಾಗಿ ನಮ್ಮ ಕಡೆಯ ‘ಕುರುಕ್ಷೇತ್ರ’ ನಾಟಕವನ್ನು ನೆನೆಯುತ್ತೇನೆ. ರಾತ್ರಿ ಊಟವಾದ ಮೇಲೆ ದೇವಸ್ಥಾನದ ಮುಂದೆ ಶುರುವಾದರೆ ಬೆಳಗಿನ ಜಾವದವರೆಗೆ ನಡೆಯುತ್ತದೆ, ದುರ್ಯೋಧನನ ತೊಡೆ ಮುರಿಯುವುದು ಕೂತವರಿಗೆಲ್ಲ ಮೊದಲೇ ಗೊತ್ತು, ಆದರೂ ಯಾರೂ ಏಳುವುದಿಲ್ಲ. ಪಾತ್ರಕ್ಕೆ ಕೈಯಿಂದಲೇ ಹಣ ಕಟ್ಟಿ, ಗದ್ದೆ ಕೆಲಸ ಮುಗಿಸಿ ತಿಂಗಳುಗಟ್ಟಲೆ ತಾಲೀಮು ಮಾಡಿದ ನಮ್ಮ ಚಿಕ್ಕಪ್ಪನವರು ಒಮ್ಮೆ ಕರ್ಣನಾಗಿ, ಕುಂತಿಯ ಎದುರಿನಲ್ಲಿ ಕಂದಪದ್ಯದ ಎರಡನೆಯ ಸಾಲನ್ನು ಮರೆತು ನಿಂತರು. ಹಾರ್ಮೋನಿಯಂ ಮೇಷ್ಟ್ರು ಶ್ರುತಿ ಬಿಡದೆ ತಾವೇ ಆ ಸಾಲನ್ನು ಮೆಲ್ಲನೆ ಎತ್ತಿಕೊಟ್ಟರು. ಚಿಕ್ಕಪ್ಪ ಅದನ್ನು ಹಿಡಿದು ಹಾಡಿದಾಗ ಅವರ ಗಂಟಲು ನಿಜವಾಗಿಯೂ ಕಟ್ಟಿತ್ತು. ಮುಂದೆ ಕೂತಿದ್ದ ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು. ಮುಂದೇನಾಗುತ್ತದೆ ಎಂದಲ್ಲ, ಇವನು ಹೇಗೆ ಆಡುತ್ತಾನೆ ಎಂದು ನೋಡಲು ಬಂದ ಜನ ಅವರು. ನಿಮ್ಮ ತಾಯಿಯವರೂ ಇಂಥ ನಾಟಕಗಳನ್ನು ನೋಡಿಯೇ ಬೆಳೆದಿರಬಹುದು; ಒಮ್ಮೆ ಕೇಳಿ ನೋಡಿ.

ದೀರ್ಘವಾಗಿರುವುದೇ ತಪ್ಪೆಂದು ನಾನು ಹೇಳುತ್ತಿಲ್ಲ. 2010ರಲ್ಲಿ ಸಿ. ಬಸವಲಿಂಗಯ್ಯನವರ ನಿರ್ದೇಶನದಲ್ಲಿ ಸರ್ಕಾರದ ನಾಟಕ ಸಂಸ್ಥೆಯಾದ ಮೈಸೂರು ರಂಗಾಯಣದ ಆವರಣದಲ್ಲಿ ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ರಾತ್ರಿಯಿಡೀ, ಸುಮಾರು ಒಂಬತ್ತು ಗಂಟೆಗಳ ಕಾಲ ನಡೆಯಿತು. ಒಂದು ರಂಗಸ್ಥಳದಿಂದ ಇನ್ನೊಂದಕ್ಕೆ ಪ್ರೇಕ್ಷಕರೇ ಎದ್ದು ಹೋಗಬೇಕಿತ್ತು. ನಾನೂ ಹೊದಿಕೆಯನ್ನು ಹೆಗಲಿಗೆ ಹಾಕಿಕೊಂಡು ಕತ್ತಲಲ್ಲಿ ಜನರೊಂದಿಗೆ ನಡೆದೆ. ಅಷ್ಟು ಹೊತ್ತಿನಲ್ಲಿ ಒಮ್ಮೆಯೂ ಕಥೆಯನ್ನು ಎಳೆಯುತ್ತಿದ್ದಾರೆ ಎನಿಸಲಿಲ್ಲ.

ಹಾಗೆಂದು ನಾಟಕಗಳೆಲ್ಲ ಚೆನ್ನಾಗಿರುತ್ತವೆಂದು ನಂಬಿಸಿ ನಿಮ್ಮನ್ನು ಕಳುಹಿಸಲಾರೆ. 1989ರಲ್ಲಿ ಆರಂಭವಾದ ರಂಗಾಯಣದ ಮೊದಲ ನಿರ್ದೇಶಕರಾದ ಬಿ.ವಿ. ಕಾರಂತರು ನಟರ ಕಂಠ ಮತ್ತು ವಾದ್ಯಗಳಿಂದಲೇ ರಂಗಸಂಗೀತವನ್ನು ಕಟ್ಟಿದವರು. ಅಂಥ ಊರಿನಲ್ಲಿ ಕೆಲವು ತಂಡಗಳು ಮೊದಲೇ ಧ್ವನಿಮುದ್ರಿಸಿದ ಹಾಡಿಗೆ ತುಟಿ ಆಡಿಸುವುದನ್ನು ಕಂಡಾಗ ನನಗೆ ನೋವಾಗುತ್ತದೆ. ಪ್ರತಿ ದೃಶ್ಯದಲ್ಲೂ ಹೊಗೆ ಬಿಟ್ಟು, ಮಾತೇ ಕೇಳಿಸದಂತೆ ಡೋಲು ಬಾರಿಸುವ ನಾಟಕಗಳೂ ಇವೆ. ಅವುಗಳ ಮಧ್ಯದಲ್ಲಿ ನಾನು ಎದ್ದು ಬಂದದ್ದುಂಟು.

ಕಲಾಮಂದಿರದ ಆವರಣದಲ್ಲಿರುವ ಭೂಮಿಗೀತದಲ್ಲಿ ವಾರಾಂತ್ಯದ ಪ್ರದರ್ಶನವೊಂದರಿಂದ ಆರಂಭಿಸಿ. ಸಣ್ಣ ರಂಗಮಂದಿರವಾದ್ದರಿಂದ ನಟರ ಉಸಿರೂ ಕೇಳಿಸುತ್ತದೆ. ಮೊದಲ ಸಲಕ್ಕೆ ಹಾಡುಗಳಿರುವ, ಎರಡು ಗಂಟೆ ಮೀರದ ನಾಟಕವನ್ನೇ ಆರಿಸಿ. ರಾತ್ರಿಯಿಡೀ ನಡೆಯುವ ಪ್ರಯೋಗಗಳು ನಂತರಕ್ಕಿರಲಿ. ನಾಟಕ ಮುಗಿದು ಕಲಾವಿದರ ಪರಿಚಯವಾಗುವವರೆಗೆ ಕುಳಿತಿರಿ, ಆಮೇಲೆ ಸಾಧ್ಯವಾದರೆ ತಾಯಿಯವರನ್ನು ಅವರ ಬಳಿ ಕರೆದೊಯ್ದು ಮಾತನಾಡಿಸಿ. ಬಣ್ಣ ಒರೆಸಿಕೊಳ್ಳುತ್ತಲೇ ಅವರು ಸಂತೋಷದಿಂದ ಮಾತನಾಡುತ್ತಾರೆ.