ಜೆಟ್ ಬದಲಾಯಿಸೋಕೆ ಮುಂಚೆ ರಬ್ಬರ್ ನೋಡಿ

ಪ್ರಶ್ನೆ: ನನ್ನದು 1994ರ ಯಮಹಾ ಆರ್‌ಎಕ್ಸ್ 100 ಬೈಕ್. ನಿಧಾನಕ್ಕೆ ಓಡಿಸಿದರೆ ಚೆನ್ನಾಗಿದೆ. ಒಮ್ಮೆಲೇ ಎಕ್ಸಲೇಟರ್ ತಿರುವಿದರೆ ಉಸಿರು ಕಟ್ಟಿದ ಹಾಗೆ ಮುಗ್ಗರಿಸಿ, ಆಮೇಲೆ ಎದ್ದು ಓಡುತ್ತದೆ. ಮೆಕ್ಯಾನಿಕ್ ಮೇನ್ ಜೆಟ್ ದೊಡ್ಡದು ಮಾಡಿದರು. ಸರಿಹೋಗಲಿಲ್ಲ. ಇನ್ನೂ ದೊಡ್ಡದು ಹಾಕಿಸಲಾ?
– ಮಂಡ್ಯದ ಓದುಗರು

ಬೇಡ. ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಬರೆದಿದ್ದೇನೋ, ಲೆಕ್ಕ ಇಟ್ಟಿಲ್ಲ.

ಜೆಟ್ ಅಂದರೆ ಕಾರ್ಬೊರೇಟರ್ ಒಳಗೆ ಪೆಟ್ರೋಲ್ ಅಳೆದು ಬಿಡುವ, ತೂತಿರುವ ಹಿತ್ತಾಳೆ ತುಂಡು. ಮೇನ್ ಜೆಟ್‌ನ ನಿಜವಾದ ಕೆಲಸ ಎಕ್ಸಲೇಟರ್ ಮುಕ್ಕಾಲು ತಿರುಗಿದ ಮೇಲೆ. ನಿಮ್ಮ ಗಾಡಿ ಮುಗ್ಗರಿಸುವುದು ಶುರುವಿನಲ್ಲಿ. ಅಲ್ಲಿ ಯಜಮಾನಿಕೆ ಪೈಲಟ್ ಜೆಟ್ (ನಿಧಾನದ ಓಟಕ್ಕೆ ಪೆಟ್ರೋಲ್ ಕೊಡುವ ಚಿಕ್ಕ ಜೆಟ್), ಏರ್ ಸ್ಕ್ರೂ (ಅದರ ಗಾಳಿ ಹೊಂದಿಸುವ ತಿರುಪು) ಮತ್ತು ಸ್ಲೈಡ್‌ದು (ಎಕ್ಸಲೇಟರ್ ತಿರುವಿದಾಗ ಮೇಲೇರುವ ಗಾಳಿಬಾಗಿಲು). ಆಮೇಲೆ ಸ್ಲೈಡ್‌ಗೆ ಸಿಕ್ಕಿಸಿದ ಸೂಜಿಯದು. ಹೊಟ್ಟೆ ನೋವಿಗೆ ಮಂಡಿಗೆ ಎಣ್ಣೆ ಹಚ್ಚಿದ ಹಾಗಾಯಿತು ನಿಮ್ಮ ಕತೆ. ಜೆಟ್ 'ದೊಡ್ಡದು ಮಾಡಿದರು' ಅಂದಿರಲ್ಲ, ಹೊಸದು ಹಾಕಿದರಾ, ಇಲ್ಲ ತಂತಿ ತೂರಿಸಿ ತೂತು ದೊಡ್ಡದು ಮಾಡಿದರಾ? ತಂತಿ ತೂರಿಸಿದ್ದರೆ ಅದನ್ನು ಎಸೆದು, ಮೊದಲಿದ್ದ ನಂಬರಿನದೇ ಹಾಕಿಸಿ. ಹಿತ್ತಾಳೆ ಮೆತ್ತಗಿನ ಲೋಹ. ಪಿನ್ನು, ತಂತಿ ಆಡಿಸುವವರ ಕೈಗೆ ಕಾರ್ಬೊರೇಟರ್ ಕೊಡಲೇಬೇಡಿ.

ಈಗ ಕಾರ್ಬೊರೇಟರ್ ಮುಟ್ಟದೆ ಎಂಜಿನ್ ಐಡ್ಲಿಂಗ್‌ನಲ್ಲಿ ಬಿಡಿ. ಕಾರ್ಬೊರೇಟರ್ ಮತ್ತು ಎಂಜಿನ್ ಮಧ್ಯೆ ಇರುವ ರಬ್ಬರಿನ ಸುತ್ತ ಸೋಪು ನೀರು ಹಚ್ಚಿ. ಸದ್ದು ಬದಲಾದರೆ ಕಳ್ಳ ಸಿಕ್ಕಿದ: ಸೀಳಿನಿಂದ ಗಾಳಿ ಎಳೆಯುತ್ತಿದೆ. (ಪೆಟ್ರೋಲ್ ಎರಚಿ ನೋಡುವವರಿದ್ದಾರೆ. ಬಿಸಿ ಸೈಲೆನ್ಸರ್ ಪಕ್ಕದಲ್ಲಿ!) ಮೂವತ್ತು ವರ್ಷದ ರಬ್ಬರು, ಬಿರುಕು ಬಿಡದೆ ಏನು ಮಾಡೀತು? ಅದರ ಮೇಲೆ ಈಗ 20 ಪರ್ಸೆಂಟ್ ಎಥನಾಲ್ ಇರುವ ಪೆಟ್ರೋಲ್. ಎಥನಾಲ್‌ಗೂ ಕಬ್ಬಿಗೂ ಏನು ನಂಟು ಅಂತ ಮಂಡ್ಯದವರಿಗೆ ನಾನು ಹೇಳಬೇಕಾ? ಹಳೇ ರಬ್ಬರಿಗೆ ಅದು ಒಗ್ಗುವುದಿಲ್ಲ, ಜೊತೆಗೆ ಮಿಶ್ರಣವನ್ನೂ ಸ್ವಲ್ಪ ಲೀನ್ (ಗಾಳಿ ಜಾಸ್ತಿ, ಪೆಟ್ರೋಲ್ ಕಡಿಮೆ) ಮಾಡುತ್ತದೆ. ರಬ್ಬರ್ ಸರಿಯಿದ್ದೂ ಎಕ್ಸಲೇಟರ್ ಬಿಟ್ಟಾಗ ಸದ್ದು ಇಳಿಯೋಕೆ ತಡವಾದರೆ ಮ್ಯಾಗ್ನೆಟ್ ಹಿಂದಿನ ಆಯಿಲ್ ಸೀಲ್ ಮೇಲೆ ಅನುಮಾನ ಪಡಿ.

ಗಾಳಿ ಸೋರುತ್ತಿಲ್ಲ ಅಂತ ಖಾತ್ರಿಯಾದ ಮೇಲೆ ಐದು ಕಿಲೋಮೀಟರ್ ಓಡಿಸಿ, ಎಂಜಿನ್ ಬಿಸಿಯಿರುವಾಗಲೇ ಟ್ಯೂನಿಂಗ್ ಮಾಡಿ. ಏರ್ ಸ್ಕ್ರೂ ಮೆಲ್ಲಗೆ ಪೂರ್ತಿ ಒಳಗೆ ತಿರುಗಿಸಿ, ಒಂದೂವರೆ ಸುತ್ತು ಬಿಚ್ಚಿ. ಅಲ್ಲಿಂದ ಕಾಲು ಕಾಲು ಸುತ್ತು ಆಚೀಚೆ ಮಾಡುತ್ತಾ, ಸದ್ದು ಎಲ್ಲಿ ಅತಿ ಹೆಚ್ಚು ಏರುತ್ತದೋ ಅಲ್ಲಿ ನಿಲ್ಲಿಸಿ. ಏರಿದ್ದನ್ನು ಐಡ್ಲಿಂಗ್ ಸ್ಕ್ರೂನಲ್ಲಿ ಇಳಿಸಿ. ಇಷ್ಟಾದರೂ ಮುಗ್ಗರಿಸಿದರೆ ಚೋಕ್ ಎಳೆದು ಒಮ್ಮೆ ತಿರುವಿ. ಪಿಕಪ್ ಸುಧಾರಿಸಿದರೆ ಪೆಟ್ರೋಲ್ ಸಾಲುತ್ತಿಲ್ಲ: ಸೂಜಿಯ ಕ್ಲಿಪ್ ಒಂದೇ ಒಂದು ಕಚ್ಚು ಕೆಳಗಿಳಿಸಿ, ಸೂಜಿ ಮೇಲೇರುತ್ತದೆ. ಇನ್ನೂ ಕೆಟ್ಟರೆ ಪೆಟ್ರೋಲ್ ಜಾಸ್ತಿ, ಕ್ಲಿಪ್ ಮೇಲಕ್ಕೆ. ಒಂದು ಸಲಕ್ಕೆ ಒಂದೇ ಬದಲಾವಣೆ. ಮೂರು ಒಟ್ಟಿಗೆ ಮಾಡಿ ನನಗೆ ಬರೆಯಬೇಡಿ.

ಅನುಮಾನವಿದ್ದರೆ ಸ್ವಲ್ಪ ರಿಚ್ (ಪೆಟ್ರೋಲ್ ಜಾಸ್ತಿ) ಕಡೆಗೇ ಇರಲಿ. ಪೆಟ್ರೋಲ್ ಕಡಿಮೆಯಾದರೆ ಟೂ ಸ್ಟ್ರೋಕ್ ಎಂಜಿನ್ ಅತಿಯಾಗಿ ಬಿಸಿಯಾಗುತ್ತದೆ. ಹುಡುಗಾಟದಲ್ಲಿ ನಾನೊಮ್ಮೆ ಲೀನ್ ಮಾಡಿಕೊಂಡು ಚಾಮುಂಡಿ ಬೆಟ್ಟ ಹತ್ತಿದೆ. ಅರ್ಧ ದಾರಿಯಲ್ಲಿ ಪಿಸ್ಟನ್ ಹಿಡಿದುಕೊಂಡು ಹಿಂದಿನ ಚಕ್ರ ಲಾಕ್ ಆಯಿತು. ಇವತ್ತಿಗೂ ಎರಡು ಬೆರಳು ಕ್ಲಚ್ ಮೇಲೇ ಇರುತ್ತವೆ. ಹಾಗಾಗಿ ಟ್ರಯಲ್‌ಗೆ ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ಏರಿ ಬೇಡ. ಹೊಸ ಬೆಂಗಳೂರು–ಮೈಸೂರು ಹೆದ್ದಾರಿಯ ನಡುರಸ್ತೆಗೆ 2023ರಿಂದ ಬೈಕ್ ಬಿಡುವುದಿಲ್ಲ, ಸರ್ವಿಸ್ ರಸ್ತೆಯಲ್ಲಿ ಕಬ್ಬಿನ ಗಾಡಿಗಳು ಬರೋಕೆ ಮುಂಚೆ ಮುಗಿಸಿಕೊಳ್ಳಿ.

ಪ್ರಶ್ನೆ: ಏರ್ ಫಿಲ್ಟರ್ ತೆಗೆದರೆ ಪಿಕಪ್ ಜಾಸ್ತಿ ಆಗುತ್ತದಂತೆ?

ಸದ್ದು ಜಾಸ್ತಿ ಆಗುತ್ತದೆ. ಧೂಳು ಹೋಗಿ ಬೋರ್ (ಸಿಲಿಂಡರ್ ಒಳಗೋಡೆ) ಬೇಗ ಸವೆಯುತ್ತದೆ.

ಪ್ರಶ್ನೆ: ಟ್ಯಾಂಕಿಗೆ ಹಾಕುವ ಮೈಲೇಜ್ ಮಾತ್ರೆ?

ಮಾರುವವನಿಗೆ ಲಾಭ.

ಪ್ರಶ್ನೆ: ನಮ್ಮ ತಂದೆಯವರ ಯೆಜ್ಡಿ ಮೈಸೂರಲ್ಲಿ ಚೆನ್ನಾಗಿ ಓಡುತ್ತದೆ, ಊಟಿಗೆ ಹೋದರೆ ಮಂಕಾಗುತ್ತದೆ. ಟ್ಯೂನಿಂಗ್ ಮಾಡಿಸಬೇಕಾ?

ಬೇಡ. ಊಟಿ 2,200 ಮೀಟರ್ ಮೇಲಿದೆ, ಮೈಸೂರು ಸುಮಾರು 760. ಊಟಿಯಲ್ಲಿ ಗಾಳಿ ತೆಳು, ಪೆಟ್ರೋಲ್ ಮಾತ್ರ ಮೊದಲಿನಷ್ಟೇ ಹೋಗುತ್ತದೆ. ಅಲ್ಲಿ ಲೀನ್ ಮಾಡಿಸಿ, ಮರೆತು ಹಾಗೇ ಗುಂಡ್ಲುಪೇಟೆಗೆ ಇಳಿದರೆ ಬೆಟ್ಟದಲ್ಲಿ ನನಗಾದದ್ದೇ ನಿಮಗೂ ಆದೀತು. ಅದೂ ಮೈಸೂರಿನ ಯಾದವಗಿರಿಯಲ್ಲಿ ತಯಾರಾದ ಗಾಡಿ. 1996ರಲ್ಲೇ ಆ ಕಾರ್ಖಾನೆ ಬಾಗಿಲು ಹಾಕಿತು, ಪಿಸ್ಟನ್ ಹುಡುಕಿಕೊಂಡು ಎಲ್ಲಿಗೆ ಹೋಗುತ್ತೀರಿ?