ಗೋಡೆ ಮೇಲಿನ ಲೈಸೆನ್ಸ್ ಯಾರ ಹೆಸರಲ್ಲಿದೆ?

ಪ್ರಶ್ನೆ: ನಾಲ್ಕು ತಿಂಗಳ ಹಿಂದೆ, ನಡೆಯುತ್ತಿದ್ದ ಪುಟ್ಟ ದೋಸೆ ಹೋಟೆಲೊಂದನ್ನು ಗುಡ್‌ವಿಲ್ ಕೊಟ್ಟು ವಹಿಸಿಕೊಂಡೆ. ‘ಲೈಸೆನ್ಸ್ ಎಲ್ಲಾ ಇದೆ’ ಎಂದು ಹಳೆಯ ಮಾಲೀಕರು ಗೋಡೆಯ ಫ್ರೇಮ್ ತೋರಿಸಿದ್ದರು. ಹೆಸರು ಬದಲಾಯಿಸಿಕೊಡುತ್ತೇನೆಂದು ಏಜೆಂಟನೊಬ್ಬ 8,000 ರೂ. ತೆಗೆದುಕೊಂಡ. ಈಗ ನನಗೆ ಪಾಲಿಕೆಯ ನೋಟಿಸ್ ಬಂದಿದೆ. ಏಜೆಂಟ್ ಫೋನ್ ಎತ್ತುವುದಿಲ್ಲ. ಕಟ್ಟಡದ ಮಾಲೀಕರು ‘ನನಗೇನು ಸಂಬಂಧ’ ಅನ್ನುತ್ತಾರೆ. ಜವಾಬ್ದಾರಿ ಯಾರದು ಸಾರ್?
– ಹೆಸರು ಬೇಡ, ದಾವಣಗೆರೆ

ಉತ್ತರ: ನಿಮ್ಮದೇ, ತಂಗಿ. ಕಹಿ ಮಾತನ್ನು ಮೊದಲೇ ಹೇಳಿಬಿಟ್ಟೆ. ಗಲ್ಲಾಪೆಟ್ಟಿಗೆ ಯಾರ ಕೈಯಲ್ಲಿದೆಯೋ ಲೈಸೆನ್ಸಿನ ಹೊಣೆಯೂ ಅವರದ್ದೇ. ಪಾಲಿಕೆಯ ಉದ್ದಿಮೆ ಪರವಾನಗಿ 1976ರ ಕರ್ನಾಟಕ ಮಹಾನಗರ ಪಾಲಿಕೆಗಳ ಕಾಯ್ದೆಯ 353ನೇ ಕಲಮಿನದು, ಆಹಾರ ಲೈಸೆನ್ಸ್ 2006ರ ಆಹಾರ ಸುರಕ್ಷತಾ ಕಾಯ್ದೆಯದು. ಎರಡೂ ಕೇಳುವುದು ಈಗ ಒಲೆ ಹೊತ್ತಿಸುತ್ತಿರುವವರು ಯಾರು ಅಂತ. ಹೋಟೆಲ್ ಮಾರಿದಾಗ ಕಾವಲಿ, ಗ್ರೈಂಡರ್, ಬೆಂಚು ಕೈ ಬದಲಾಗುತ್ತವೆ. ಗೋಡೆಯ ಕಾಗದ ತಾನಾಗಿ ಬದಲಾಗುವುದಿಲ್ಲ.

ನಾನು ಆರೋಗ್ಯ ನಿರೀಕ್ಷಕನಾಗಿದ್ದಾಗ ಒಂದು ಖಾನಾವಳಿಗೆ ಹೋಗಿದ್ದೆ. ಲೈಸೆನ್ಸ್ ತೋರಿಸಿ ಅಂದರೆ ಹುಡುಗ ಠೀವಿಯಿಂದ ಗೋಡೆಯತ್ತ ಕೈ ಮಾಡಿದ. ಪಕ್ಕದಲ್ಲೇ ಗಂಧದ ಹಾರ ಹಾಕಿದ ಫೋಟೊ. ಫೋಟೊದ ಕೆಳಗಿನ ಹೆಸರೂ ಲೈಸೆನ್ಸಿನ ಹೆಸರೂ ಒಂದೇ! ಯಜಮಾನರು ತೀರಿಕೊಂಡು ಎರಡು ವರ್ಷವಾಗಿತ್ತು. ಆಹಾರ ಲೈಸೆನ್ಸಿನ 2011ರ ನಿಯಮದಲ್ಲಿ, ಲೈಸೆನ್ಸ್‌ದಾರರು ತೀರಿಕೊಂಡರೆ ಮನೆಯವರಿಗೆ 90 ದಿನದ ಅವಕಾಶವಿದೆ. ನಿಮ್ಮ ಹಳೆಯ ಮಾಲೀಕರು ದೇವರ ದಯೆಯಿಂದ ಗಟ್ಟಿಮುಟ್ಟಾಗಿದ್ದಾರೆ, ಹಾಗಾಗಿ ಆ 90 ದಿನವೂ ನಿಮಗೆ ದಕ್ಕುವುದಿಲ್ಲ.

ಕಟ್ಟಡದ ಮಾಲೀಕರು ಪೂರ್ತಿ ಕೈ ತೊಳೆದುಕೊಳ್ಳುವಂತಿಲ್ಲ. ಬಾಡಿಗೆ ಕರಾರು, ತೆರಿಗೆ ರಸೀದಿ ಅವರಿಂದಲೇ ಬರಬೇಕು. ಆದರೆ ಹೋಟೆಲ್ ನಡೆಸುವ ಪರವಾನಗಿ ಅವರ ತಲೆನೋವಲ್ಲ.

ಏಜೆಂಟನ ವಿಷಯ. ಅವನು ದುಡ್ಡು ನುಂಗಿದ್ದು ನಿಮ್ಮಿಬ್ಬರ ಜಗಳ, ಪಾಲಿಕೆಗೆ ಅದು ಉತ್ತರವಾಗದು. ವಾಟ್ಸ್ಆ್ಯಪ್ ಮೆಸೇಜು, ಫೋನ್‌ಪೇ ದಾಖಲೆ ಜೋಪಾನವಾಗಿಟ್ಟುಕೊಳ್ಳಿ, ಗ್ರಾಹಕರ ಆಯೋಗಕ್ಕೆ ಹೋದರೆ ಬೇಕಾಗುತ್ತವೆ. ನನಗೆ ಹೆಚ್ಚು ಭಯ ಇನ್ನೊಂದರದು. ಇಂಥವರು ಅರ್ಜಿಯಲ್ಲಿ ತಮ್ಮದೇ ಮೊಬೈಲ್ ನಂಬರು, ಇಮೇಲ್ ಹಾಕಿರುತ್ತಾರೆ. ಆಮೇಲೆ ಒಟಿಪಿ ಅವರಿಗೆ, ಇಲಾಖೆಯ ಪ್ರಶ್ನೆ ಅವರಿಗೆ, ನವೀಕರಣದ ನೆನಪೋಲೆಯೂ ಅವರಿಗೇ. ಅರ್ಜಿ ತಿರಸ್ಕಾರವಾದರೂ ನಿಮಗೆ ಸುಳಿವು ಸಿಗುವುದಿಲ್ಲ. ಫ್ರೇಮಿನಲ್ಲಿರುವ ಆಹಾರ ಲೈಸೆನ್ಸಿನ 14 ಅಂಕಿಯ ಸಂಖ್ಯೆಯನ್ನು ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ಫಾಸ್ಕಾಸ್ (FoSCoS) ಪೋರ್ಟಲ್‌ನಲ್ಲಿ ನೀವೇ ಹಾಕಿ ನೋಡಿ, ಯಾರ ಹೆಸರಲ್ಲಿದೆ, ಇನ್ನೂ ಜೀವಂತವಿದೆಯೇ ಗೊತ್ತಾಗುತ್ತದೆ. ನಿಮ್ಮ ಹೆಸರಿಗೆ ಅರ್ಜಿ ಹಾಕುವಾಗ ಕಂಪ್ಯೂಟರ್ ಬಲ್ಲ ಮಗನೋ ತಮ್ಮನೋ ಇದ್ದರೆ ಪಕ್ಕ ಕೂರಿಸಿಕೊಳ್ಳಿ, ಆದರೆ ಮೊಬೈಲ್ ನಂಬರು ನಿಮ್ಮದೇ ಇರಲಿ.

ನೋಟಿಸನ್ನು ಡಬ್ಬಿ ಅಡಿ ಬಚ್ಚಿಡಬೇಡಿ. ಅದರಲ್ಲಿ ಹೇಳಿದ ದಿನದೊಳಗೆ ಲಿಖಿತ ಉತ್ತರ ಕೊಡಿ: ಇಂಥ ದಿನ ವಹಿಸಿಕೊಂಡೆ, ಹೀಗೆ ಮೋಸವಾಯಿತು, ನನ್ನ ಹೆಸರಿಗೆ ಅರ್ಜಿ ಹಾಕಿದ್ದೇನೆ ಅಂತ. ಅರ್ಜಿ ಹಾಕಿದ ಮೇಲೇ ಹಾಗೆ ಬರೆಯಿರಿ, ಸುಳ್ಳು ಬೇಡ. ಸ್ವೀಕೃತಿ ಸೀಲು ಹಾಕಿಸಿಕೊಳ್ಳದೆ ಕೌಂಟರ್ ಬಿಡಬೇಡಿ. ಕೆಲಸದವರಿದ್ದರೆ ಕಾರ್ಮಿಕ ಇಲಾಖೆಯ ನೋಂದಣಿಯೂ ಇದೆ, 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಅದನ್ನು 30 ದಿನದೊಳಗೆ ಕೇಳುತ್ತದೆ. ನೀವು ಅಲ್ಲೂ ತಡವೇ.

ಹಳೆಯ ಮಾಲೀಕರಿಂದ ಒಪ್ಪಿಗೆ ಪತ್ರ ಬೇಕಾಗಬಹುದು. ಸತಾಯಿಸಿದರೆ ಒಂದೇ ಮಾತು ಹೇಳಿ: ‘ನಾಳೆ ನನ್ನ ಚಟ್ನಿ ಹಳಸಿ ಯಾರಿಗಾದರೂ ವಾಂತಿಯಾದರೆ ಮೊದಲು ಹುಡುಕಿಕೊಂಡು ಬರುವುದು ಫ್ರೇಮಿನಲ್ಲಿರೋ ಹೆಸರನ್ನೇ ಅಣ್ಣಾ.’ ಪೆನ್ನು ಅವರೇ ತರುತ್ತಾರೆ.